ಅಲೈನ್‌ಮೆಂಟ್ ಚೀಟಿಯ ಅಂಕಿಗಳು ಏನು ಹೇಳುತ್ತವೆ?

ವೀಲ್ ಅಲೈನ್‌ಮೆಂಟ್ ಮುಗಿದ ಮೇಲೆ ಅಂಗಡಿಯವರು ಒಂದು ಚೀಟಿ ಕೈಗಿಡುತ್ತಾರೆ. ಮೊದಲು ಇದ್ದದ್ದು ಒಂದು ಕಡೆ, ಈಗ ಆಗಿರುವುದು ಇನ್ನೊಂದು ಕಡೆ. ಕೆಂಪು ಇದ್ದಲ್ಲಿ ಹಸಿರು ಬಂದಿರುತ್ತದೆ. ಹಸಿರು ಬಂದರೆ ಸರಿಯಾಯಿತು ಎಂದಷ್ಟೇ ತಿಳಿದು, ದುಡ್ಡು ಕೊಟ್ಟು, ಚೀಟಿಯನ್ನು ಡ್ಯಾಶ್‌ಬೋರ್ಡಿನ ಗೂಡಿಗೆ ತುರುಕಿ ಹೊರಡುವವರೇ ಹೆಚ್ಚು. ಕ್ಯಾಂಬರ್, ಕ್ಯಾಸ್ಟರ್, ಟೋ, ಎಸ್‌ಎಐ, ಥ್ರಸ್ಟ್ ಆ್ಯಂಗಲ್ ಎಂದು ಸಾಲಾಗಿ ಹೆಸರುಗಳು, ಒಂದೊಂದರ ಮುಂದೆಯೂ ಡಿಗ್ರಿ ಲೆಕ್ಕದ ಅಂಕಿ. ಓದುವ ಗೋಜಿಗೆ ಯಾರು ಹೋಗುತ್ತಾರೆ?

ಆ ಚೀಟಿಯ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಮುಂದಿನ ಚಕ್ರಗಳು ಪೂರ್ತಿ ನೆಟ್ಟಗೆ ಇರುವುದಿಲ್ಲ, ಇರಲೂಬಾರದು. ಬೇಕೆಂದೇ ಅವನ್ನು ಒಂದಿಷ್ಟು ವಾಲಿಸಿ, ಅವು ತಿರುಗುವ ಅಕ್ಷವನ್ನೂ ವಾಲಿಸಿ ಕೂರಿಸಿರುತ್ತಾರೆ. ಆ ವಾಲು ಕಂಪನಿ ಹೇಳಿದಷ್ಟೇ ಇದೆಯೇ ಎಂದು ನೋಡುವುದೇ ಅಲೈನ್‌ಮೆಂಟ್. ಇನ್ನೊಂದು ಮಾತು: ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ಮೆಕ್ಯಾನಿಕ್ ಸ್ಪ್ಯಾನರ್ ಹಾಕಿ ತಿರುಗಿಸಬಹುದಾದದ್ದು ಮುಂದಿನ ಟೋ, ಅಂದರೆ ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಅದೊಂದನ್ನೇ. ಉಳಿದವು ನೋಡುವುದಕ್ಕಷ್ಟೇ. ಹಾಗೆಂದು ಅವು ದಂಡವಲ್ಲ. ಕಾರಿನಲ್ಲಿ ಏನು ಬಾಗಿದೆ, ಏನು ಸವೆದಿದೆ ಎಂದು ಹೇಳುವುದೇ ಈ ತಿರುಗಿಸಲಾಗದ ಅಂಕಿಗಳು.

ತಿರುವಿನಿಂದ ಶುರು ಮಾಡೋಣ. ಕಾರು ತಿರುಗುವಾಗ ನಾಲ್ಕೂ ಚಕ್ರಗಳು ಒಂದೇ ಕೇಂದ್ರದ ಸುತ್ತ ಬೇರೆ ಬೇರೆ ಅಳತೆಯ ವೃತ್ತಗಳಲ್ಲಿ ಉರುಳಬೇಕು. ಒಳಗಡೆಯ ಚಕ್ರದ ವೃತ್ತ ಚಿಕ್ಕದು, ಹೊರಗಡೆಯದು ದೊಡ್ಡದು. ಹಾಗಾಗಿ ಮುಂದಿನ ಒಳ ಚಕ್ರ ಹೆಚ್ಚು ತಿರುಗಬೇಕು, ಹೊರ ಚಕ್ರ ಕಡಿಮೆ. ಎರಡೂ ಒಂದೇ ಕೋನಕ್ಕೆ ತಿರುಗಿದರೆ ಯಾವುದೋ ಒಂದು ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.45 ಮೀಟರ್, ಮುಂದಿನ ಎರಡು ಚಕ್ರಗಳು ತಿರುಗುವ ಬಿಂದುಗಳ ನಡುವೆ 1.3 ಮೀಟರ್ ಇರುವ ಹ್ಯಾಚ್‌ಬ್ಯಾಕ್ ಒಂದು 4.8 ಮೀಟರ್ ತ್ರಿಜ್ಯದಲ್ಲಿ ಯು-ಟರ್ನ್ ಹೊಡೆಯಬೇಕಾದರೆ ಹೊರ ಚಕ್ರ ಸುಮಾರು 31 ಡಿಗ್ರಿ, ಒಳ ಚಕ್ರ ಸುಮಾರು 41 ಡಿಗ್ರಿ ತಿರುಗಿರಬೇಕು. ಹತ್ತು ಡಿಗ್ರಿ ಅಂತರ, ಅದೂ ಒಂದೇ ಸ್ಟಿಯರಿಂಗ್ ಚಕ್ರದಿಂದ.

ಇದು ಕುದುರೆ ಗಾಡಿಗಳ ಕಾಲದಿಂದ ಬಂದ ತಲೆನೋವು. ಆಗ ಮುಂದಿನ ಅಚ್ಚು ಇಡಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗುತ್ತಿತ್ತು. ತಿರುವು ಹೆಚ್ಚಾದಷ್ಟೂ ಚಕ್ರಗಳು ಗಾಡಿಯ ಅಡಿಗೆ ಸರಿದು, ಗಾಡಿ ಮಗುಚಿಕೊಳ್ಳುವ ಭಯ. ಮ್ಯೂನಿಕ್ ನಗರದ ಗಾಡಿ ತಯಾರಕ ಗೇಯೋರ್ಗ್ ಲಾಂಕೆನ್ಸ್‌ಪರ್ಗರ್ ಅಚ್ಚನ್ನು ಅಲುಗದಂತೆ ಇಟ್ಟು, ಅದರ ಎರಡು ತುದಿಗಳಲ್ಲಿ ಚಕ್ರಗಳು ಮಾತ್ರ ತಿರುಗುವ ಏರ್ಪಾಡು ಮಾಡಿದ. ಇಂಗ್ಲೆಂಡಿನಲ್ಲಿ 1818ರಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಅವನ ಏಜೆಂಟ್ ರುಡಾಲ್ಫ್ ಆಕರ್ಮನ್, ಲಂಡನ್ನಿನಲ್ಲಿ ಪುಸ್ತಕ ಮತ್ತು ಚಿತ್ರಗಳ ಪ್ರಕಾಶಕ. ಕೊನೆಗೆ ಉಳಿದದ್ದು ಏಜೆಂಟನ ಹೆಸರೇ. ಇಂದಿಗೂ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇದು ಆಕರ್ಮನ್ ಸ್ಟಿಯರಿಂಗ್. ಕಾರ್ಲ್ ಬೆಂಜ್ 1886ರ ತನ್ನ ಕಾರಿಗೆ ಮೂರೇ ಚಕ್ರ ಇಟ್ಟದ್ದಕ್ಕೂ ಈ ಸಮಸ್ಯೆಯೇ ಕಾರಣ. 1893ರಲ್ಲಿ ಈ ಬಗೆಯ ಸ್ಟಿಯರಿಂಗಿಗೆ ತಾನೇ ಒಂದು ಪೇಟೆಂಟ್ ತೆಗೆದುಕೊಂಡ ಮೇಲೆ ಬೆಂಜ್ ಕಾರಿಗೆ ನಾಲ್ಕನೆಯ ಚಕ್ರ ಬಂತು.

ಇದರ ಗುಟ್ಟು ಇರುವುದು ಚಕ್ರ ಕೂರುವ ಲೋಹದ ತುಂಡಾದ ನಕಲ್‌ನಿಂದ ಚಾಚಿಕೊಂಡ ಸ್ಟಿಯರಿಂಗ್ ಆರ್ಮ್ ಎಂಬ ಗಿಡ್ಡ ತೋಳಿನಲ್ಲಿ. ಅದು ಹಿಂದಕ್ಕೆ ಚಾಚಿದ್ದರೆ ನೇರವಾಗಿರದೆ ಸ್ವಲ್ಪ ಒಳಮುಖವಾಗಿರುತ್ತದೆ. ಎಡ ಬಲದ ಎರಡೂ ತೋಳುಗಳ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅವು ಸರಿಸುಮಾರು ಹಿಂದಿನ ಅಚ್ಚಿನ ನಡುವಿನಲ್ಲಿ ಸೇರುತ್ತವೆ. ಈ ಓರೆಯಿಂದಾಗಿ, ಸ್ಟಿಯರಿಂಗಿನ ಚಲನೆಯನ್ನು ಈ ತೋಳುಗಳಿಗೆ ತಲುಪಿಸುವ ಟೈ ರಾಡ್‌ಗಳು ಎರಡೂ ಕಡೆ ಒಂದೇ ಅಳತೆ ಸರಿದರೂ ಒಳ ಚಕ್ರ ಹೆಚ್ಚು ತಿರುಗುತ್ತದೆ. ಕಾಗದದ ಮೇಲಿನ ಹತ್ತು ಡಿಗ್ರಿಯನ್ನು ಹೆಚ್ಚಿನ ಕಾರುಗಳು ಪೂರ್ತಿ ಕೊಡುವುದಿಲ್ಲ. ವೇಗದಲ್ಲಿ ಟೈರ್ ತಾನು ನೋಡುತ್ತಿರುವ ದಿಕ್ಕಿಗೆ ಸರಿಯಾಗಿ ಹೋಗದೆ ಸ್ವಲ್ಪ ಜಾರಿಕೊಂಡೇ ಹೋಗುವುದರಿಂದ ಆಗ ಬೇಕಾಗುವ ಕೋನಗಳೇ ಬೇರೆ. ವಿನ್ಯಾಸಕರು ನಡುವೆ ಎಲ್ಲೋ ಒಂದು ರಾಜಿ ಮಾಡಿಕೊಂಡಿರುತ್ತಾರೆ. ಮಾಲ್‌ಗಳ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸಿದಾಗ ಟೈರ್ ಕಿರುಗುಟ್ಟುವುದಕ್ಕೆ ಬಣ್ಣ ಬಳಿದ ನುಣುಪು ನೆಲದ ಜೊತೆಗೆ ಈ ರಾಜಿಯೂ ಕಾರಣ. ಕಾರು ಕೆಟ್ಟಿಲ್ಲ, ಗಾಬರಿ ಬೇಡ.

ಕೆಲವು ಯಂತ್ರಗಳು ಇದನ್ನೂ ಅಳೆಯುತ್ತವೆ. ಒಳ ಚಕ್ರವನ್ನು 20 ಡಿಗ್ರಿ ತಿರುಗಿಸಿದಾಗ ಹೊರ ಚಕ್ರ ಎಷ್ಟು ತಿರುಗಿತು ಎಂದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತವೆ. ಎರಡೂ ಉತ್ತರ ಒಂದೇ ಇರಬೇಕು. ಟೋ ಹಸಿರಿದ್ದೂ ಇವೆರಡು ತಾಳೆಯಾಗದಿದ್ದರೆ ಒಂದು ಸ್ಟಿಯರಿಂಗ್ ಆರ್ಮ್ ಬಾಗಿದೆ ಎಂದು ಅನುಮಾನಿಸಬೇಕು.

ಇನ್ನು, ತಿರುವು ಮುಗಿಸಿ ಸ್ಟಿಯರಿಂಗ್ ಸಡಿಲ ಬಿಟ್ಟರೆ ಅದು ತಾನಾಗಿಯೇ ನಡುವಿಗೆ ಬರುತ್ತದಲ್ಲ, ಅದನ್ನು ಎಳೆಯುವ ಸ್ಪ್ರಿಂಗ್ ಎಲ್ಲೂ ಇಲ್ಲ. ಆ ಕೆಲಸ ಮಾಡುವುದು ಚಕ್ರ ತಿರುಗುವ ಅಕ್ಷದ ವಾಲು. ಹಳೆಯ ಗಾಡಿಗಳಲ್ಲಿ ಈ ಅಕ್ಷಕ್ಕೆ ಕಿಂಗ್ ಪಿನ್ ಎಂಬ ಕಬ್ಬಿಣದ ಗೂಟವೇ ಇರುತ್ತಿತ್ತು, ಲಾರಿಗಳಲ್ಲಿ ಇಂದಿಗೂ ಇದೆ. ಇಂದಿನ ಕಾರುಗಳಲ್ಲಿ ಅದು ಬರೀ ಕಲ್ಪನೆಯ ಗೆರೆ. ಮೇಲೆ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬದ) ತುದಿಯಿಂದ ಕೆಳಗೆ, ಚಕ್ರದ ಬುಡವನ್ನು ಕಾರಿನ ಅಡಿಗೆ ಜೋಡಿಸುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟಿಗೆ (ಗುಂಡಿನ ಕೀಲಿಗೆ) ಎಳೆದ ಗೆರೆ. ಕಾರನ್ನು ಬದಿಯಿಂದ ನೋಡಿದರೆ ಈ ಗೆರೆಯ ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಈ ವಾಲಿಗೇ ಕ್ಯಾಸ್ಟರ್ ಎನ್ನುವುದು. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುವುದೂ ಹೀಗೆಯೇ. ಹ್ಯಾಂಡಲ್ ಬಿಟ್ಟು ಓಡಿಸುವ ಹುಡುಗರ ಧೈರ್ಯದಲ್ಲಿ ಆ ವಾಲಿಗೂ ಒಂದು ಪಾಲಿದೆ.

ವಾಲಿದ ಗೆರೆಯನ್ನು ನೆಲದವರೆಗೆ ಇಳಿಸಿದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ತಾಗುತ್ತದೆ. 29 ಸೆಂಟಿಮೀಟರ್ ತ್ರಿಜ್ಯದ ಟೈರಿಗೆ 5 ಡಿಗ್ರಿ ಕ್ಯಾಸ್ಟರ್ ಇದ್ದರೆ ಆ ಅಂತರ ಸುಮಾರು 25 ಮಿಲಿಮೀಟರ್. ಅಂದರೆ ಚಕ್ರ ತನ್ನ ಅಕ್ಷದ ಹಿಂದೆ ಎಳೆಸಿಕೊಂಡು ಬರುತ್ತಿರುತ್ತದೆ. ಯಾವ ಕಡೆ ತಿರುಗಿಸಿದರೂ ರಸ್ತೆಯ ಹಿಡಿತ ಅದನ್ನು ಮತ್ತೆ ಸಾಲಿಗೆ ತರಲು ನೋಡುತ್ತದೆ. ಕ್ಯಾಸ್ಟರ್ ಹೆಚ್ಚಿದ್ದಷ್ಟೂ ಹೆದ್ದಾರಿಯಲ್ಲಿ ಕಾರು ನೆಟ್ಟಗೆ ಓಡುತ್ತದೆ, ಸ್ಟಿಯರಿಂಗ್ ಮಾತ್ರ ಭಾರ. ತೋಳ್ಬಲದಿಂದಲೇ ತಿರುಗಿಸಬೇಕಿದ್ದ ಹಳೆಯ ಕಾರುಗಳಲ್ಲಿ ಅದನ್ನು ಕಡಿಮೆ ಇಡುತ್ತಿದ್ದರು. ಪವರ್ ಸ್ಟಿಯರಿಂಗ್ ಬಂದ ಮೇಲೆ ಆ ಹಂಗಿಲ್ಲ.

ಕ್ಯಾಸ್ಟರ್ ಟೈರನ್ನು ಸವೆಸುವುದು ಅಪರೂಪ. ಆದರೆ ಎಡ ಬಲಗಳ ನಡುವೆ ಅಂತರ ಬಂದರೆ, ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ. ಒಂದು ಕಡೆ ಕ್ಯಾಸ್ಟರ್ ಕಡಿಮೆಯಾಯಿತು ಎಂದರೆ ಸಾಮಾನ್ಯವಾಗಿ ಆ ಚಕ್ರದ ಕೆಳಭಾಗ ಹಿಂದಕ್ಕೆ ಸರಿದಿದೆ ಎಂದರ್ಥ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ವೇಗವಾಗಿ ಇಳಿದಾಗ ಲೋವರ್ ಆರ್ಮ್ ಬಾಗುವುದೋ, ಅದರ ಬುಷ್ ಎಂಬ ರಬ್ಬರ್ ಬಳೆ ಹರಿಯುವುದೋ ಹೀಗೆ. ಯಂತ್ರವಿಲ್ಲದೆಯೂ ಇದನ್ನು ಒಂದು ಮಟ್ಟಿಗೆ ಹಿಡಿಯಬಹುದು. ಸ್ಟಿಯರಿಂಗ್ ನಡುವಿನಲ್ಲಿಟ್ಟು, ಚಕ್ರದ ಹಿಂಬದಿಯಿಂದ ಮಡ್‌ಗಾರ್ಡ್ ಕಮಾನಿನ ಅಂಚಿಗೆ ಎಷ್ಟು ದೂರವಿದೆ ಎಂದು ಎರಡೂ ಕಡೆ ಟೇಪ್ ಹಿಡಿದು ನೋಡಿ. ಒಂದು ಕಡೆ ಬೆರಳಿನಷ್ಟು ಕಡಿಮೆಯಿದ್ದರೆ ಅಲೈನ್‌ಮೆಂಟ್ ಅಂಗಡಿಗಿಂತ ಮೊದಲು ಹೋಗಬೇಕಾದದ್ದು ಸಸ್ಪೆನ್ಷನ್ ಬಿಚ್ಚುವವರ ಹತ್ತಿರ.

ಅದೇ ಅಕ್ಷವನ್ನು ಕಾರಿನ ಮುಂದೆ ನಿಂತು ನೋಡಿದರೆ ಅದರ ಮೇಲ್ತುದಿ ಒಳಕ್ಕೂ ವಾಲಿರುತ್ತದೆ, ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಚೀಟಿಯಲ್ಲಿ ಇದನ್ನೇ ಎಸ್‌ಎಐ (ಸ್ಟಿಯರಿಂಗ್ ಆ್ಯಕ್ಸಿಸ್ ಇನ್‌ಕ್ಲಿನೇಷನ್) ಅಥವಾ ಕೆಪಿಐ (ಕಿಂಗ್ ಪಿನ್ ಇನ್‌ಕ್ಲಿನೇಷನ್) ಎಂದು ಬರೆದಿರುತ್ತಾರೆ. ಈ ವಾಲಿನಿಂದಾಗಿ ಚಕ್ರ ತಿರುಗಿದಾಗ ಕಾರಿನ ಮೂತಿ ಕೂದಲೆಳೆಯಷ್ಟು ಮೇಲೇಳುತ್ತದೆ. ಮೇಲೆದ್ದ ಭಾರ ಕೆಳಗಿಳಿಯಲು ನೋಡುತ್ತದೆ, ಇಳಿಯಬೇಕಾದರೆ ಚಕ್ರ ನೇರವಾಗಬೇಕು. ಪಾರ್ಕಿಂಗ್ ವೇಗದಲ್ಲೂ ಸ್ಟಿಯರಿಂಗ್ ನಡುವಿಗೆ ಮರಳುವುದರಲ್ಲಿ ಇದರ ಪಾಲು ದೊಡ್ಡದು.

ಈ ಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರಿನ ಹಿಡಿತದ ನಡುಭಾಗಕ್ಕೂ ಇರುವ ಅಡ್ಡ ಅಂತರಕ್ಕೆ ಸ್ಕ್ರಬ್ ರೇಡಿಯಸ್ ಎಂದು ಹೆಸರು. ಚೀಟಿಯಲ್ಲಿ ಬರುವುದಿಲ್ಲ, ಆದರೆ ಅಲಾಯ್ ವೀಲ್ ಹಾಕಿಸುವವರು ತಿಳಿದಿರಲೇಬೇಕಾದ ಅಳತೆ. ಅಂತರ ಹೆಚ್ಚಿದ್ದರೆ ಗುಂಡಿಯ ಏಟೂ ಬ್ರೇಕಿನ ಎಳೆತವೂ ನೇರ ಕೈಗೆ ಬರುತ್ತದೆ. 1972ರ ಆಡಿ 80 ಕಾರಿನಲ್ಲಿ ಈ ಬಿಂದುವನ್ನು ಟೈರಿನ ನಡುಭಾಗಕ್ಕಿಂತ ಹೊರಗೆ ತಂದರು. ಒಂದು ಕಡೆಯ ಬ್ರೇಕ್ ಹೆಚ್ಚು ಹಿಡಿದಾಗ ಕಾರು ಆ ಕಡೆಗೆ ಎಳೆಯುತ್ತದಷ್ಟೆ. ಈ ಜೋಡಣೆಯಲ್ಲಿ ಚಕ್ರಗಳು ತಾವಾಗಿಯೇ ಅದರ ವಿರುದ್ಧ ದಿಕ್ಕಿಗೆ ಸ್ವಲ್ಪ ತಿರುಗಿ ಎಳೆತವನ್ನು ತಗ್ಗಿಸುತ್ತವೆ. ಮುಂದಿನ ಚಕ್ರ ಓಡಿಸುವ ಕಾರುಗಳಲ್ಲಿ ಆಮೇಲೆ ಇದು ವ್ಯಾಪಕವಾಯಿತು. ಇಷ್ಟು ಲೆಕ್ಕ ಹಾಕಿ ಇಟ್ಟದ್ದನ್ನು ನಾವು ನೋಟ ಚೆನ್ನಾಗಿರಲಿ ಎಂದು ಕೆಡಿಸುತ್ತೇವೆ. ರಿಮ್ಮಿನ ಒಳಬದಿಯಲ್ಲಿ ಇಟಿ ಎಂದು ಅಚ್ಚಾಗಿರುವ ಸಂಖ್ಯೆ ಆಫ್‌ಸೆಟ್. 45 ಇದ್ದ ಕಡೆ 35ರ ರಿಮ್ ಕೂರಿಸಿದರೆ ಚಕ್ರ 10 ಮಿಲಿಮೀಟರ್ ಹೊರಕ್ಕೆ ಬರುತ್ತದೆ, ಸ್ಕ್ರಬ್ ರೇಡಿಯಸ್ ಅಷ್ಟೇ ಬದಲಾಗುತ್ತದೆ. ಆಮೇಲೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಅದು ಸರಿಹೋಗುವುದಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಏನೂ ತಪ್ಪಿಲ್ಲ.

ಕ್ಯಾಂಬರ್ ಎಲ್ಲರಿಗೂ ಗೊತ್ತಿರುವ ಹೆಸರು, ಅಷ್ಟೇ ಹೆಚ್ಚು ಬೈಸಿಕೊಳ್ಳುವುದು ಕೂಡ. ಮುಂದಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್, ಹೊರಕ್ಕಿದ್ದರೆ ಪಾಸಿಟಿವ್. ತಿರುವಿನಲ್ಲಿ ಬಾಡಿ ಹೊರಕ್ಕೆ ವಾಲಿದಾಗ ಹೊರ ಚಕ್ರವೂ ವಾಲಿ ಅದರ ಹೊರ ಅಂಚಿನ ಮೇಲೆಯೇ ಭಾರ ಬೀಳಬಾರದೆಂದು ಇಂದಿನ ಕಾರುಗಳಲ್ಲಿ ಮೊದಲೇ ಅರ್ಧದಿಂದ ಒಂದು ಡಿಗ್ರಿಯವರೆಗೆ ಒಳಕ್ಕೆ ವಾಲಿಸಿರುವುದು ಸಾಮಾನ್ಯ. ಎಡ ಬಲಗಳಲ್ಲಿ ವ್ಯತ್ಯಾಸವಿದ್ದರೆ ಹೆಚ್ಚು ಪಾಸಿಟಿವ್ ಇರುವ ಕಡೆಗೆ ಕಾರು ಎಳೆಯುತ್ತದೆ. ಟೈರಿನ ಒಳ ಅಂಚು ಸವೆದಿದೆ ಎಂದ ತಕ್ಷಣ 'ಕ್ಯಾಂಬರ್ ಹೋಗಿದೆ ಸರ್' ಎನ್ನುವ ತೀರ್ಪು ಬರುತ್ತದೆ. ನನ್ನ ಅನಿಸಿಕೆಯಲ್ಲಿ ಆ ತೀರ್ಪು ಅರ್ಧಕ್ಕರ್ಧ ಅವಸರದ್ದು. ಅರ್ಧ ಡಿಗ್ರಿ ಕ್ಯಾಂಬರ್ ಟೈರನ್ನು ತಿನ್ನುವುದು ನಿಧಾನ. ಬೇಗ ತಿನ್ನುವುದು ಟೋ.

ಕಾರನ್ನು ಮೇಲಿನಿಂದ ನೋಡುತ್ತಿದ್ದೇವೆ ಎಂದುಕೊಳ್ಳಿ. ಮುಂದಿನ ಎರಡು ಚಕ್ರಗಳ ಮೂತಿ ಒಂದರ ಕಡೆಗೊಂದು ವಾಲಿದ್ದರೆ ಟೋ-ಇನ್, ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದರೆ ಟೋ-ಔಟ್. ನಿಂತಿರುವಾಗ ಇಡುವ ಈ ಅಳತೆ ಓಡುವಾಗ ಇರುವುದಿಲ್ಲ. ಹಿಂದಿನ ಚಕ್ರ ಓಡಿಸುವ ಕಾರಿನಲ್ಲಿ ರಸ್ತೆಯ ಪ್ರತಿರೋಧ ಮುಂದಿನ ಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ, ಬುಷ್‌ಗಳು ಬಗ್ಗಿ ಚಕ್ರಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ಅದಕ್ಕೆ ಮೊದಲೇ ಒಂದಿಷ್ಟು ಟೋ-ಇನ್ ಕೊಟ್ಟಿಡುತ್ತಾರೆ. ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಎಂಜಿನ್ ಅವನ್ನು ಮುಂದಕ್ಕೆ ಎಳೆಯುವುದರಿಂದ ಲೆಕ್ಕ ಬೇರೆ, ಅಲ್ಲಿ ಸೊನ್ನೆ ಅಥವಾ ತುಸು ಟೋ-ಔಟ್ ಕೂಡ ಇರಬಹುದು. ಓಡುವಾಗ ಚಕ್ರಗಳು ಸಮಾನಾಂತರಕ್ಕೆ ಬರಲಿ ಎಂಬುದೇ ಗುರಿ. ಒಂದು ಕಾರಿನ ಅಂಕಿಯನ್ನು ಇನ್ನೊಂದಕ್ಕೆ ಹಾಕಬಾರದು ಎನ್ನುವುದು ಇದಕ್ಕೇ.

ಟೋ ಯಾಕೆ ಅಷ್ಟು ದುಬಾರಿ? 58 ಸೆಂಟಿಮೀಟರ್ ವ್ಯಾಸದ ಟೈರಿನ ಅಂಚಿನಲ್ಲಿ ಅಳೆದಾಗ ಒಟ್ಟು ಟೋ 3 ಮಿಲಿಮೀಟರ್ ಹೆಚ್ಚಾಗಿದೆ ಎನ್ನಿ. ಒಂದೊಂದು ಚಕ್ರಕ್ಕೆ ಬರುವುದು 0.15 ಡಿಗ್ರಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಚಕ್ರ ತಾನು ನೋಡುತ್ತಿರುವ ದಿಕ್ಕಿಗೆ ಹೋಗದೆ ಕಾರಿನ ದಿಕ್ಕಿಗೆ ಹೋಗಬೇಕಾಗಿರುವುದರಿಂದ ಪ್ರತಿ ಕಿಲೋಮೀಟರಿಗೆ 2.6 ಮೀಟರ್ ಅಡ್ಡಕ್ಕೆ ಎಳೆಸಿಕೊಳ್ಳಬೇಕು. ಸಾವಿರ ಕಿಲೋಮೀಟರಿಗೆ ಎರಡೂವರೆ ಕಿಲೋಮೀಟರ್ ದಾಟಿತು. ರಬ್ಬರ್ ಬಾಗಿಕೊಂಡು ಒಂದಿಷ್ಟನ್ನು ನುಂಗಿಕೊಳ್ಳುವುದರಿಂದ ಅಷ್ಟೂ ಉಜ್ಜಾಟವಾಗುವುದಿಲ್ಲ ನಿಜ, ಆದರೂ ಹೊಸ ಟೈರ್ ಒಂದೆರಡು ಮಳೆಗಾಲದೊಳಗೆ ಬೋಳಾಗಲು ಇಷ್ಟು ಸಾಕು.

ಸವೆತದ ಗುರುತನ್ನು ಅಂಗೈಯಲ್ಲೇ ಓದಬಹುದು. ಟೈರ್ ನೆಲ ಮುಟ್ಟುವ ಮೈಮೇಲೆ ಅಡ್ಡಲಾಗಿ ಕೈಯಾಡಿಸಿ. ಹೊರಗಿನಿಂದ ಒಳಕ್ಕೆ ಎಳೆದಾಗ ನುಣುಪು, ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದಂತೆ ಚುಚ್ಚಿದರೆ ಟೋ-ಇನ್ ಹೆಚ್ಚಾಗಿದೆ. ತಿರುವುಮುರುವಾದರೆ ಟೋ-ಔಟ್. ಚುಚ್ಚದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಆಗ ಕ್ಯಾಂಬರ್ ಕಡೆ ನೋಡಬೇಕು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಕೊನೆಯ ಎರಡಕ್ಕೆ ಅಲೈನ್‌ಮೆಂಟಿನವರ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ಟೋ ಹೊಂದಿಸುವುದು ಟೈ ರಾಡ್‌ನ ತುದಿಯ ಥ್ರೆಡ್ಡಿನಲ್ಲಿ, ಅಂದರೆ ತಿರುಪಿನ ಸುತ್ತುಗಳಲ್ಲಿ. ಲಾಕ್ ನಟ್ ಸಡಿಲಿಸಿ ರಾಡನ್ನು ತಿರುಗಿಸಿದರೆ ಅದು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಒಂದು ಸುತ್ತಿಗೆ ರಾಡ್ ಸರಿಯುವ ದೂರ, ಅಂದರೆ ಥ್ರೆಡ್ಡಿನ ಪಿಚ್, 1.5 ಮಿಲಿಮೀಟರ್, ಸ್ಟಿಯರಿಂಗ್ ಆರ್ಮ್ 12 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಪೂರ್ತಿ ಸುತ್ತಿಗೆ ಚಕ್ರ 0.7 ಡಿಗ್ರಿ ತಿರುಗುತ್ತದೆ. ಕಾಲು ಸುತ್ತೇ ಹತ್ತು ನಿಮಿಷದಷ್ಟು. ಇಲ್ಲಿ ನಿಮಿಷ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಚೀಟಿ ಓದುವಾಗ ಎಡವುವುದು ಇಲ್ಲೇ: 0°10′ ಎಂದರೆ ಹತ್ತು ನಿಮಿಷ, ಅಂದರೆ 0.17 ಡಿಗ್ರಿ, 0.10° ಎಂದರೆ ಆರೇ ನಿಮಿಷ. ಕೈಪಿಡಿಯಲ್ಲಿ ಒಂದು ಬಗೆ, ಯಂತ್ರದಲ್ಲಿ ಇನ್ನೊಂದು ಬಗೆ ಇದ್ದರೆ ಹಸಿರು ಬಂದರೂ ಅದು ತಪ್ಪು ಹಸಿರು. ಮಿಲಿಮೀಟರಿನಲ್ಲಿ ಬೇಕೆಂದರೆ, 14 ಇಂಚಿನ ರಿಮ್ಮಿನ ಅಂಚಿನಲ್ಲಿ 0°10′ ಸುಮಾರು 1 ಮಿಲಿಮೀಟರ್.

ಎರಡು ರಾಡ್‌ಗಳನ್ನೂ ಸಮವಾಗಿ ತಿರುಗಿಸದೆ ಒಂದನ್ನೇ ತಿರುಗಿಸಿದರೂ ಒಟ್ಟು ಟೋ ಸರಿಯಾಗಿಯೇ ಬರುತ್ತದೆ. ಆದರೆ ಕಾರು ನೇರ ಹೋಗುವಾಗ ಸ್ಟಿಯರಿಂಗ್ ಚಕ್ರ ಸೊಟ್ಟಗಿರುತ್ತದೆ. ಅದನ್ನು ಸರಿಪಡಿಸಲು ಸ್ಟಿಯರಿಂಗ್ ಚಕ್ರವನ್ನೇ ಬಿಚ್ಚಿ ಒಂದು ಹಲ್ಲು ಸರಿಸಿ ಕೂರಿಸುವ ಉಪಾಯ ಮಾಡುವವರಿದ್ದಾರೆ. ಒಪ್ಪಬೇಡಿ. ಹೊರಗೆ ಸೊಟ್ಟ ಕಾಣದಿದ್ದರೂ ಒಳಗೆ ಟೈ ರಾಡ್‌ಗಳನ್ನು ಸರಿಸುವ ಹಲ್ಲಿನ ಪಟ್ಟಿ, ಅಂದರೆ ರ‍್ಯಾಕ್ ನಡುವಿನಲ್ಲಿರುವುದಿಲ್ಲ, ಒಂದು ಕಡೆಯ ಯು-ಟರ್ನ್ ಇನ್ನೊಂದು ಕಡೆಗಿಂತ ಅಗಲವಾಗುತ್ತದೆ. ಏರ್‌ಬ್ಯಾಗ್ ಇರುವ ಸ್ಟಿಯರಿಂಗನ್ನು ಸುಮ್ಮಸುಮ್ಮನೆ ಬಿಚ್ಚುವುದಂತೂ ಬೇಡವೇ ಬೇಡ.

ಈಗ 'ಎಳೀತಿದೆ' ಎಂಬ ದೂರಿಗೆ ಬರೋಣ. ಮೂರು ಬೇರೆ ಬೇರೆ ರೋಗಗಳನ್ನು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಕೈ ಬಿಟ್ಟರೆ ಕಾರು ಒಂದು ಕಡೆಗೆ ಹೋದರೆ ಅದು ಎಳೆತ. ಕಾರು ನೇರ ಹೋಗಿ ಸ್ಟಿಯರಿಂಗ್ ಮಾತ್ರ ಸೊಟ್ಟಗಿದ್ದರೆ ಅದು ಟೈ ರಾಡ್‌ಗಳ ಹಂಚಿಕೆಯದೋ, ಹಿಂದಿನ ಚಕ್ರಗಳದೋ ತಕರಾರು. 80-100ರ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಮೊದಲು ನೋಡಬೇಕಾದದ್ದು ಬ್ಯಾಲೆನ್ಸಿಂಗ್, ರಿಮ್ಮಿಗೆ ಸೀಸದ ತುಂಡು ಬಡಿಯುವ ಬೇರೆಯೇ ಕೆಲಸ. ನಡುಕಕ್ಕೂ ಕ್ಯಾಂಬರಿಗೂ ಸಂಬಂಧವಿಲ್ಲ. ವಿಚಿತ್ರವೆಂದರೆ ನಿಜವಾದ ಎಳೆತಕ್ಕೆ ಮುಂದಿನ ಟೋ ಕಾರಣವಾಗುವುದು ಕಡಿಮೆ. ಓಡುವಾಗ ಎರಡು ಚಕ್ರಗಳೂ ತಪ್ಪನ್ನು ಸಮವಾಗಿ ಹಂಚಿಕೊಂಡುಬಿಡುತ್ತವೆ.

ನಾವು ಎಡಗಡೆ ಓಡಿಸುತ್ತೇವೆ, ಮಳೆನೀರು ಹರಿಯಲೆಂದು ಡಾಂಬರು ರಸ್ತೆ ಅಂಚಿನ ಕಡೆಗೆ ನೂರಕ್ಕೆ ಎರಡರ ಆಸುಪಾಸು ಇಳಿಜಾರಾಗಿರುತ್ತದೆ. ಹಾಗಾಗಿ ಕೈ ಬಿಟ್ಟ ಕಾರು ನಿಧಾನಕ್ಕೆ ಎಡಕ್ಕೆ ಸರಿದರೆ ಅದು ಕಾಯಿಲೆಯಲ್ಲ. ಬಲಕ್ಕೆ ಹೋದರೆ ಮಾತ್ರ ಏನೋ ಇದೆ. ಅನುಮಾನವಿದ್ದರೆ ಮುಂದಿನ ಎಡ ಬಲ ಟೈರ್‌ಗಳನ್ನು ಅದಲು ಬದಲು ಮಾಡಿ ನೋಡಿ, ಒಂದೇ ದಿಕ್ಕಿಗೆ ಉರುಳಬೇಕೆಂಬ ಬಾಣದ ಗುರುತು ಟೈರಿನ ಮೇಲೆ ಇರದಿದ್ದರೆ. ಎಳೆತದ ದಿಕ್ಕೂ ಬದಲಾದರೆ ತಪ್ಪು ಟೈರಿನದು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಅಥವಾ ಲೋವರ್ ಆರ್ಮ್ ಬುಷ್.

ಹಿಂದಿನ ಚಕ್ರಗಳನ್ನು ಮರೆತು ಮುಂದಿನವನ್ನಷ್ಟೇ ಹೊಂದಿಸುವ ಕಾಲ ಹೋಯಿತು. ಹಿಂದಿನ ಎರಡು ಚಕ್ರಗಳು ಸೇರಿ ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತವೆಯೋ ಅದು ಥ್ರಸ್ಟ್ ಲೈನ್. ಅದು ಕಾರಿನ ನಡುಗೆರೆಯಿಂದ ಓರೆಯಾದರೆ, ಸ್ಟಿಯರಿಂಗನ್ನು ಅದಕ್ಕೆ ತಕ್ಕಂತೆ ತಿರುಗಿಸಿ ಹಿಡಿದರಷ್ಟೇ ಕಾರು ನೇರ ಹೋದೀತು. ಹೆದ್ದಾರಿಯಲ್ಲಿ ಹಿಂಭಾಗ ಒಂದು ಕಡೆಗೆ, ಮುಂಭಾಗ ಇನ್ನೊಂದು ಕಡೆಗೆ ಇಟ್ಟುಕೊಂಡು ಓರೆಯಾಗಿ ಓಡುವ ಹಳೆಯ ಬಸ್ಸು ಲಾರಿಗಳನ್ನು ನೋಡಿರುತ್ತೀರಿ, ಅದರ ದೊಡ್ಡ ರೂಪ ಅದು. ಸಣ್ಣ ಕಾರುಗಳ ಹಿಂದೆ ಸಾಮಾನ್ಯವಾಗಿ ಟ್ವಿಸ್ಟ್ ಬೀಮ್ ಎಂಬ ಒಂದೇ ತುಂಡಿನ ಅಚ್ಚು ಇರುತ್ತದೆ. ಅದರಲ್ಲಿ ತಿರುಗಿಸಲು ಬೋಲ್ಟೇ ಇಲ್ಲ. ಯಂತ್ರ ಆ ಓರೆಯನ್ನು ಅಳೆದು, ಮುಂದಿನ ಟೋವನ್ನು ಅದಕ್ಕೆ ಹೊಂದಿಸಿಕೊಡುತ್ತದೆ, ಅಷ್ಟೇ. ಓರೆ ಹೆಚ್ಚಿದ್ದರೆ ಬೀಮ್ ಬಾಗಿದೆ ಅಥವಾ ಅದರ ಬುಷ್ ಹೋಗಿದೆ.

ಗ್ರೌಂಡ್ ಕ್ಲಿಯರೆನ್ಸ್ ಸಾಲದು ಎಂದು ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸುವವರಿಗೂ ಒಂದು ಮಾತು. ಚಕ್ರ ಮೇಲೆ ಕೆಳಗೆ ಆಡುವಾಗ ಲೋವರ್ ಆರ್ಮ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಕಾರಿನ ಮೂಲ ಎತ್ತರದಲ್ಲಿ ಈ ಎರಡೂ ಜೊತೆಜೊತೆಗೆ ಹೋಗುವಂತೆ ಲೆಕ್ಕ ಹಾಕಿರುತ್ತಾರೆ. ಎತ್ತರ ಬದಲಾದರೆ ಜೊತೆ ತಪ್ಪುತ್ತದೆ, ಆಗ ಪ್ರತಿ ಹಂಪ್ ಹತ್ತಿ ಇಳಿಯುವಾಗ ಚಕ್ರಗಳು ತಾವೇ ಒಂದಿಷ್ಟು ತಿರುಗುತ್ತವೆ. ನಿಂತ ಕಾರಿನ ಟೋವನ್ನು ಯಂತ್ರ ಸರಿಮಾಡಬಲ್ಲದು, ಓಡುವಾಗಿನ ಈ ತಿರುಗಾಟವನ್ನಲ್ಲ.

ಅಂಗಡಿಯಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಮೊದಲು ಗಾಳಿ ನೋಡಿದರೇ? ಕಾರನ್ನು ಜಾಕ್ ಎತ್ತಿ ಚಕ್ರವನ್ನು ಎಡಬಲ ಹಿಡಿದು ಅಲುಗಾಡಿಸಿದರೇ? ಹಾಗೆ ಆಡಿದರೆ ಟೈ ರಾಡ್ ಎಂಡ್ ಸವೆದಿದೆ. ಮೇಲೆ ಕೆಳಗೆ ಹಿಡಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಸವೆದ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮೊದಲ ಹಂಪ್ ದಾಟುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ. ಕ್ಯಾಮೆರಾ ಯಂತ್ರವಾದರೆ ನಾಲ್ಕು ಚಕ್ರಗಳಿಗೆ ಚುಕ್ಕೆಗಳ ಹಲಗೆ ಕಚ್ಚಿಸಿ ಕಾರನ್ನು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಉರುಳಿಸಬೇಕು. ರಿಮ್ ಸೊಟ್ಟಗಿದ್ದರೆ, ಹಲಗೆ ಓರೆಯಾಗಿ ಕೂತಿದ್ದರೆ ಆ ತಪ್ಪನ್ನು ಕಳೆಯುವುದು ಆಗಲೇ. ಕ್ಯಾಸ್ಟರ್ ಅಳೆಯಬೇಕಾದರೆ ಬ್ರೇಕ್ ಒತ್ತಿ ಹಿಡಿದು, ತಿರುಗುವ ತಟ್ಟೆಗಳ ಮೇಲೆ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಲೇಬೇಕು. ಯಾರೂ ಸ್ಟಿಯರಿಂಗ್ ಮುಟ್ಟದೆ ಕ್ಯಾಸ್ಟರ್ ಅಂಕಿ ಚೀಟಿಯಲ್ಲಿ ಬಂದಿದ್ದರೆ ಅದು ಎಲ್ಲಿಂದ ಬಂತು ಎಂದು ಕೇಳಿ.

ಕ್ಯಾಂಬರ್ ಕೆಂಪಿದೆ, ಬೆಂಡ್ ತೆಗೆಯಬೇಕು, ಇಷ್ಟಾಗುತ್ತದೆ ಎಂದು ಹೇಳಿದರೆ ಅಲ್ಲಿ ಒಂದು ನಿಮಿಷ ನಿಲ್ಲಿ. ಸ್ಟ್ರಟ್ ಮತ್ತು ನಕಲ್ ಸೇರುವ ಎರಡು ಬೋಲ್ಟ್‌ಗಳ ತೂತಿನಲ್ಲಿ ಒಂದಿಷ್ಟು ಸಡಿಲ ಇರುವ ಕಾರುಗಳಿವೆ. ಬೋಲ್ಟ್ ಸಡಿಲಿಸಿ, ಚಕ್ರ ತಳ್ಳಿ, ಮತ್ತೆ ಬಿಗಿದರೆ ಸಣ್ಣ ವ್ಯತ್ಯಾಸ ಸರಿಹೋಗಬಹುದು. ಅದು ಸಾಧುವಾದ ದಾರಿ. ಹೈಡ್ರಾಲಿಕ್ ಜಾಕ್ ಕೊಟ್ಟು ಸ್ಟ್ರಟ್ಟನ್ನೇ ಬಗ್ಗಿಸುವುದು ಅಂಕಿಯನ್ನು ಹಸಿರು ಮಾಡುತ್ತದೆ, ಬಾಗಿದ್ದ ಭಾಗವನ್ನು ಹಾಗೆಯೇ ಬಿಟ್ಟು ನೆಟ್ಟಗಿದ್ದ ಇನ್ನೊಂದನ್ನು ಬಾಗಿಸುತ್ತದೆ.

ನಿಜವಾಗಿ ಬಾಗಿರುವುದು ಯಾವುದು ಎಂದು ಚೀಟಿಯೇ ಹೇಳುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಕ್ಯಾಂಬರ್ ಮತ್ತು ಎಸ್‌ಎಐ ಕೂಡಿಸಿ, ಕ್ಯಾಂಬರ್ ನೆಗೆಟಿವ್ ಇದ್ದರೆ ಕಳೆಯಿರಿ. ಎಡಗಡೆ ಎಸ್‌ಎಐ 13, ಕ್ಯಾಂಬರ್ −0.5, ಮೊತ್ತ 12.5 ಎನ್ನಿ. ಬಲಗಡೆ ಎಸ್‌ಎಐ 14, ಕ್ಯಾಂಬರ್ −1.5, ಮೊತ್ತ ಮತ್ತೆ 12.5. ಮೊತ್ತ ಒಂದೇ ಆದ್ದರಿಂದ ಬಲಗಡೆಯ ಸ್ಟ್ರಟ್ ಮತ್ತು ನಕಲ್ ಬಾಗಿಲ್ಲ. ಆ ಮೂಲೆ ಇಡಿಯಾಗಿ ವಾಲಿದೆ. ಸಬ್‌ಫ್ರೇಮ್ (ಲೋವರ್ ಆರ್ಮ್‌ಗಳು ಕೂರುವ ಅಡಿಚೌಕಟ್ಟು) ಸರಿದಿರಬೇಕು, ಇಲ್ಲವೇ ಹಳೆಯ ಅಪಘಾತದಲ್ಲಿ ಸ್ಟ್ರಟ್‌ನ ಮೇಲ್ತುದಿ ಕೂರುವ ಸ್ಟ್ರಟ್ ಟವರ್ ಒಳಕ್ಕೆ ಹೋಗಿರಬೇಕು. ಅದರ ಬದಲು ಬಲಗಡೆಯ ಎಸ್‌ಎಐ 13 ಇದ್ದು ಕ್ಯಾಂಬರ್ ಮಾತ್ರ −1.5 ಆಗಿದ್ದರೆ ಮೊತ್ತ 11.5. ಆಗ ಸ್ಟ್ರಟ್ ಅಥವಾ ನಕಲ್ ಬಾಗಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ಹೊರಗಿನ ಬಣ್ಣ ಉಜ್ಜಿ ನೋಡುವುದಕ್ಕಿಂತ ಒಂದು ಅಲೈನ್‌ಮೆಂಟ್ ಚೀಟಿ ತೆಗೆಸಿ ಈ ಕೂಡಿಕೆ ಮಾಡುವುದು ಅಗ್ಗ. ಬಾಡಿ ಪಟ್ಟ ಏಟನ್ನು ಪೇಂಟ್ ಮುಚ್ಚಿಡಬಹುದು, ಈ ಕೋನಗಳನ್ನು ಮುಚ್ಚಿಡುವುದು ಕಷ್ಟ.

ಹೊಸ ಕಾರುಗಳಿಗೆ ಇನ್ನೊಂದು ಹಂತವಿದೆ. ಜಾರುವ ಕಾರನ್ನು ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಇರುವ ಕಾರಿನಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿದೆ ಎಂದು ನೋಡುವ ಸೆನ್ಸರ್ ಇರುತ್ತದೆ. ಟೈ ರಾಡ್ ಹೊಂದಿಸಿದಾಗ ನಡುಬಿಂದು ಬದಲಾದರೆ ಆ ಸೆನ್ಸರಿನ ಸೊನ್ನೆಯನ್ನೂ ಸ್ಕ್ಯಾನರ್ ಹಾಕಿ ಹೊಸದಾಗಿ ಕೂರಿಸಬೇಕಾಗಬಹುದು. ಲೇನ್ ಹಿಡಿದು ಓಡುವ ಕ್ಯಾಮೆರಾ ಗಾಜಿನ ಹಿಂದೆ ಇದ್ದರೆ, ಅದರ ನೇರ ಎಂಬುದು ಥ್ರಸ್ಟ್ ಲೈನಿಗೆ ಹೊಂದಿಕೊಂಡಿರಬೇಕು. ಹಾಗಾಗಿ ಕೆಲಸ ಒಪ್ಪಿಸುವ ಮೊದಲೇ ಅವರ ಹತ್ತಿರ ನಿಮ್ಮ ಕಾರಿಗೆ ಹೊಂದುವ ಸ್ಕ್ಯಾನರ್ ಇದೆಯೇ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಅಲೈನ್‌ಮೆಂಟ್ ಒಂದು ಕಡೆ, ಸೆನ್ಸರ್ ಇನ್ನೊಂದು ಕಡೆ ಎಂದು ಎರಡು ಸಲ ಅಲೆಯಬೇಕಾದೀತು.